ಅಪೂರ್ವಾನಿಲಗಳ ಟ್ರಾವರ್ಸ್

ನಾವು ಉಸಿರಾಡುವ ಗಾಳಿಯಲ್ಲಿ ಏನೇನಿದೆಯೆಂದು ಹೈಸ್ಕೂಲಿನ ಹುಡುಗನೊಬ್ಬನನ್ನು ಕೇಳಿದರೆ, ಐದರಲ್ಲಿ ನಾಲ್ಕು ಪಾಲು ಸಾರಜನಕ, ಒಂದು ಪಾಲು ಆಮ್ಲಜನಕ, ಉಳಿದ ಅಲ್ಪಸ್ವಲ್ಪ ಇತರೆ ಎಂದು ಥಟ್ಟನೆ ಹೇಳಿಬಿಡುತ್ತಾನೆ. ಪರೀಕ್ಷೆಗೆ ಅಷ್ಟು ಸಾಕು, ಅಂಕಗಳೂ ದೊರೆಯುತ್ತವೆ. ಆದರೆ ಇತರೆ ಎಂಬ ಆ ಮೂರಕ್ಷರದ ಮಾತಿನೊಳಗೆ ಒಬ್ಬ ಮನುಷ್ಯನ ಯೌವನವೇ ಅಡಗಿದೆ. ಅದರೊಳಗಿನ ಮೂರು ಮೂಲವಸ್ತುಗಳನ್ನು ತನ್ನ ಗುರುವಿನೊಡನೆ ಕೂಡಿ 1898ರಲ್ಲಿ, ಎರಡೇ ತಿಂಗಳ ಅವಧಿಯಲ್ಲಿ ಹುಡುಕಿ ತೆಗೆದವರು ಮಾರಿಸ್ ವಿಲಿಯಂ ಟ್ರಾವರ್ಸ್. ಅದೇ ಟ್ರಾವರ್ಸ್ ಎಂಟು ವರ್ಷಗಳ ತರುವಾಯ ಬೆಂಗಳೂರಿಗೆ ಬಂದು, ಇಂದಿಗೂ ಅಲ್ಲಿಯ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬರಿ ಬಯಲಿನಲ್ಲಿ ಕಟ್ಟಿ ನಿಲ್ಲಿಸಿದರೆಂಬುದನ್ನು ಬಲ್ಲವರು ವಿರಳ. ರಸಾಯನಶಾಸ್ತ್ರದ ಇತಿಹಾಸದಲ್ಲಿ ಅವರ ಹೆಸರು ಗುರುವಿನ ಹೆಸರಿನ ಹಿಂದೆ ಮರೆಯಾಯಿತು. ಬೆಂಗಳೂರಿನ ಇತಿಹಾಸದಲ್ಲಿ ಅದು ಟಾಟಾ ಅವರ ಹೆಸರಿನ ಹಿಂದೆ ಮರೆಯಾಯಿತು. ಆದುದರಿಂದ ಈ ವಾರ್ಷಿಕ ಸಂಚಿಕೆಯಲ್ಲಿ ಅವರಿಗೆ ಕೆಲವು ಪುಟ ಮೀಸಲಿಡುವುದು ಅನುಚಿತವಾಗಲಾರದೆಂದು ನಂಬಿದ್ದೇನೆ. ನಮ್ಮದು ಕಲಾ ಕಾಲೇಜು. ಓದುಗರಲ್ಲಿ ಹೆಚ್ಚಿನವರು ರಸಾಯನಶಾಸ್ತ್ರಕ್ಕೆ ಹೈಸ್ಕೂಲಿನಲ್ಲಿಯೇ ಕೈಮುಗಿದು ಬಂದವರು. ಅವರಿಗಾಗಿ ಪರಮಾಣು, ಅಣು ಎಂಬ ಹಳೆಯ ಪಾಠವನ್ನು ನಡುನಡುವೆ ನೆನಪಿಸಬೇಕಾಗುತ್ತದೆ. ವಿಜ್ಞಾನ ಬಲ್ಲವರು ಕ್ಷಮಿಸಬೇಕು.

ಟ್ರಾವರ್ಸರು 1872ನೆಯ ಇಸವಿ ಜನವರಿ 24ರಂದು ಲಂಡನ್ನಿನ ಕೆನ್ಸಿಂಗ್‌ಟನ್‌ನಲ್ಲಿ ಜನಿಸಿದರು. ತಂದೆ ವೈದ್ಯರು. ಟಿವರ್ಟನ್ ಊರಿನ ಬ್ಲಂಡೆಲ್ಸ್ ಶಾಲೆಯಲ್ಲಿ ಓದಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿದರು. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ವಿಲಿಯಂ ರಾಮ್ಸೆ. ಪದವಿ ಪಡೆದ ಮೇಲೆ ಟ್ರಾವರ್ಸರು ಫ್ರಾನ್ಸಿನ ನಾನ್ಸಿ ನಗರಕ್ಕೆ ಹೋಗಿ ಸ್ವಲ್ಪ ಕಾಲ ಸಂಶೋಧನೆ ನಡೆಸಿ, 1894ರಲ್ಲಿ ಅದೇ ಯೂನಿವರ್ಸಿಟಿ ಕಾಲೇಜಿಗೆ ಪ್ರಯೋಗ ಸಹಾಯಕರಾಗಿ ಮರಳಿದರು. ಅದೃಷ್ಟವೆಂದರೆ ಇದು. ಅವರು ಒಳಕ್ಕೆ ಕಾಲಿಟ್ಟ ವರ್ಷವೇ ಗುರುಗಳು ಗಾಳಿಯ ಬಗೆಗೆ ನೂರು ವರ್ಷಗಳಿಂದ ಯಾರೂ ಸಂಶಯಪಡದ ಒಂದು ಮಾತನ್ನು ಬುಡಮೇಲು ಮಾಡುತ್ತಿದ್ದರು.

ಸಂಗತಿ ಹೀಗಿದೆ. ಲಾರ್ಡ್ ರೇಲಿ ಎಂಬ ಭೌತವಿಜ್ಞಾನಿ ಸಾರಜನಕವನ್ನು ಎರಡು ಬಗೆಯಾಗಿ ತಯಾರಿಸಿ ತೂಗಿದರು. ಗಾಳಿಯಿಂದ ಆಮ್ಲಜನಕವನ್ನು ಕಳೆದು ಉಳಿಸಿಕೊಂಡ ಸಾರಜನಕ ಒಂದು ಲೀಟರಿಗೆ 1.2572 ಗ್ರಾಂ ತೂಗಿತು. ರಾಸಾಯನಿಕ ಸಂಯುಕ್ತಗಳಿಂದ ಬಿಡಿಸಿದ ಸಾರಜನಕ 1.2505 ಗ್ರಾಂ ತೂಗಿತು. ವ್ಯತ್ಯಾಸ ನೂರಕ್ಕೆ ಅರ್ಧದಷ್ಟು. ಬೇರೆಯವರಾಗಿದ್ದರೆ ತಕ್ಕಡಿಯ ತಪ್ಪೆಂದು ಬಿಟ್ಟುಬಿಡುತ್ತಿದ್ದರು. ರೇಲಿ ಬಿಡಲಿಲ್ಲ. ರಾಮ್ಸೆಯವರು ಕೈಗೂಡಿಸಿ, ಗಾಳಿಯ ಸಾರಜನಕವನ್ನು ಕಾದ ಮೆಗ್ನೀಸಿಯಂ ಲೋಹದ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಸಾರಜನಕ ಲೋಹದೊಡನೆ ಕೂಡಿ ಹೋಯಿತು; ಯಾವುದರೊಡನೆಯೂ ಕೂಡದ ಒಂದು ಅನಿಲ ಹಿಂದುಳಿಯಿತು. 1894ರ ಆಗಸ್ಟಿನಲ್ಲಿ ಇದನ್ನು ಲೋಕಕ್ಕೆ ಸಾರಿದರು. ಗ್ರೀಕ್ ಭಾಷೆಯಲ್ಲಿ ಸೋಮಾರಿ ಎಂಬರ್ಥದ ಆರ್ಗಾನ್ ಎಂಬ ಹೆಸರನ್ನಿಟ್ಟರು. ಗಾಳಿಯಲ್ಲಿ ಅದು ನೂರಕ್ಕೆ 0.93 ಪಾಲು ಇದೆ, ಇಂಗಾಲಾಮ್ಲಕ್ಕಿಂತ ಎಷ್ಟೋ ಹೆಚ್ಚು! ಇಷ್ಟು ದೊಡ್ಡ ಸೋಮಾರಿ ನಮ್ಮ ಮೂಗಿನೊಳಗೇ ಹೋಗಿ ಬರುತ್ತಿದ್ದರೂ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಇಲ್ಲಿ ಹಳೆಯ ಪಾಠಕ್ಕೆ ಬರೋಣ. ಮೂಲವಸ್ತುವಿನ ಗುಣವನ್ನು ಬಿಡದೆ ಇರುವ ಅತಿ ಚಿಕ್ಕ ಕಣ ಪರಮಾಣು. ಸ್ವತಂತ್ರವಾಗಿ ಓಡಾಡಬಲ್ಲ ಅತಿ ಚಿಕ್ಕ ಕಣ ಅಣು. ಎರಡೂ ಒಂದೇ ಅಲ್ಲವೆ ಎಂದು ಮೊದಲ ಸಲ ಕೇಳಿದವರಿಗೆ ಅನ್ನಿಸುತ್ತದೆ. ಅಲ್ಲ. ಜಲಜನಕ, ಸಾರಜನಕ, ಆಮ್ಲಜನಕಗಳ ಪರಮಾಣುಗಳು ಒಂಟಿಯಾಗಿ ತಿರುಗುವುದಿಲ್ಲ. ಎರಡೆರಡು ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಇರುತ್ತವೆ. ಆ ಜೋಡಿಯೇ ಅವುಗಳ ಅಣು. ನೀರಿನ ಅಣುವಿನಲ್ಲಿ ಎರಡು ಜಲಜನಕ, ಒಂದು ಆಮ್ಲಜನಕ. ಒಟ್ಟು ಮೂರು ಪರಮಾಣು. ಆರ್ಗಾನ್ ಮಾತ್ರ ಒಂಟೆತ್ತಿನ ಗಾಡಿ. ಅದರ ಪರಮಾಣುವೇ ಅದರ ಅಣು. ತನ್ನ ಜಾತಿಯ ಇನ್ನೊಂದು ಪರಮಾಣುವಿನೊಡನೆ ಕೂಡ ಅದು ನೊಗ ಹಂಚಿಕೊಳ್ಳುವುದಿಲ್ಲ.

ಕಣ್ಣಿಗೆ ಕಾಣದ ಈ ಕಣ ಒಂಟಿಯೋ ಜೋಡಿಯೋ ಎಂದು ತಿಳಿದುದು ಹೇಗೆ? ಉಪಾಯ ಬಲು ಸೊಗಸಾದುದು. ಅನಿಲವನ್ನು ಕಾಯಿಸಿದಾಗ ಒಂಟಿ ಕಣವಾದರೆ ಕೊಟ್ಟ ಶಾಖವೆಲ್ಲ ಅದರ ನೇರ ಓಟಕ್ಕೇ ಸಲ್ಲುತ್ತದೆ. ಜೋಡಿಯಾದರೆ ಒಂದಷ್ಟು ಶಾಖ ಬುಗುರಿಯಂತೆ ತಿರುಗುವುದರಲ್ಲಿ ಖರ್ಚಾಗುತ್ತದೆ. ಅನಿಲವನ್ನು ಹಿಗ್ಗಲು ಬಿಟ್ಟು ಕಾಯಿಸಲು ಬೇಕಾದ ಶಾಖವನ್ನು, ಹಿಗ್ಗದಂತೆ ಮುಚ್ಚಿಟ್ಟು ಕಾಯಿಸಲು ಬೇಕಾದ ಶಾಖದಿಂದ ಭಾಗಿಸಿದರೆ ಜೋಡಿ ಅನಿಲಗಳಿಗೆ 1.40ರ ಆಸುಪಾಸಿನ ಸಂಖ್ಯೆ ಬರುತ್ತದೆ. ಒಂಟಿ ಅನಿಲಗಳಿಗೆ 1.67 ಬರುತ್ತದೆ. ಈ ಸಂಖ್ಯೆಯನ್ನು ಪಡೆಯಲು ಶಾಖವನ್ನು ಅಳೆಯಬೇಕಾಗಿಯೂ ಇಲ್ಲ. ಆ ಅನಿಲದಲ್ಲಿ ಶಬ್ದ ಎಷ್ಟು ವೇಗವಾಗಿ ಹರಿಯುತ್ತದೆಂದು ಅಳೆದರಾಯಿತು. ಹೀಗೆ ಗಾಜಿನ ಕೊಳವೆಯೊಂದರಲ್ಲಿ ಶಬ್ದವನ್ನು ಓಡಿಸಿ ಆರ್ಗಾನಿನ ಒಂಟಿತನವನ್ನು ಕಂಡುಹಿಡಿದರು.

ಒಂಟಿಯೆಂದಾದ ಮೇಲೆ ಇನ್ನೊಂದು ತೊಡಕು ಬಂತು. ಆರ್ಗಾನಿನ ಸಾಂದ್ರತೆ ಜಲಜನಕದ ಸುಮಾರು 20 ಪಟ್ಟು. ಅಂದರೆ ಅಣುಭಾರ 40. ಅಣುವೇ ಪರಮಾಣುವಾದುದರಿಂದ ಪರಮಾಣುಭಾರವೂ 40. ರಷ್ಯದ ಮೆಂಡಲೀವ್ ಮೂಲವಸ್ತುಗಳನ್ನು ಪರಮಾಣುಭಾರದ ಕ್ರಮದಲ್ಲಿ ಕೂರಿಸಿದ ಕೋಷ್ಟಕದಲ್ಲಿ 39 ಭಾರದ ಪೊಟ್ಯಾಸಿಯಂ ಆಗಲೇ ಕುಳಿತಿತ್ತು, 40 ಭಾರದ ಕ್ಯಾಲ್ಸಿಯಂ ಅದರ ಪಕ್ಕದಲ್ಲಿತ್ತು. ಹೊಸ ಅತಿಥಿಗೆ ಮಣೆಯೇ ಇಲ್ಲ. ಮೆಂಡಲೀವರಂಥ ಮೆಂಡಲೀವರೇ, ಇದು ಹೊಸ ಮೂಲವಸ್ತುವಲ್ಲ, ಮೂರು ಸಾರಜನಕ ಪರಮಾಣುಗಳು ಕೂಡಿದ ಅಣುವಿರಬಹುದೆಂದು ಅನುಮಾನಪಟ್ಟರು. ಮಣೆ ಇಲ್ಲದಿದ್ದರೆ ಹೊಸ ಸಾಲನ್ನೇ ಹಾಕಬೇಕೆಂಬುದು ರಾಮ್ಸೆಯವರ ಪಕ್ಷ. ಆದರೆ ಸಾಲು ಹಾಕಬೇಕಾದರೆ ಒಬ್ಬನೇ ಅತಿಥಿ ಸಾಲದು, ಬಳಗ ಬೇಕು.

ಬಳಗದ ಎರಡನೆಯವನು 1895ರಲ್ಲಿ ಸಿಕ್ಕಿದನು. ಆತನಿಗೂ ನಮ್ಮ ಸೀಮೆಗೂ ನಂಟುಂಟು. 1868ರ ಆಗಸ್ಟ್ 18ರಂದು ಸೂರ್ಯನ ಪೂರ್ಣ ಗ್ರಹಣ ನಮ್ಮ ದಖನ್ನಿನ ಮೇಲೆ ಹಾದು ಹೋಯಿತು. ಅದನ್ನು ನೋಡಲು ಜಮಖಂಡಿಯಲ್ಲಿ ದೂರದರ್ಶಕ ಹೂಡಿ ಕುಳಿತವರು ಸುಪ್ರಸಿದ್ಧ ಖಗೋಳಜ್ಞ ವಿಲಿಯಂ ಹರ್ಷೆಲ್ಲರ ಮೊಮ್ಮಗ, ಲೆಫ್ಟಿನೆಂಟ್ ಜಾನ್ ಹರ್ಷೆಲ್. ಮಳೆಗಾಲದ ಮೋಡ ಬಹಳ ಕಾಡಿತು. ಮೋಡದ ಬಿರುಕಿನಲ್ಲಿ ಸಿಕ್ಕ ಕೆಲವು ಕ್ಷಣಗಳಲ್ಲಿಯೇ ಅವರು ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಹೊಳೆಯುವ ಗೆರೆಗಳನ್ನು ಕಂಡರು. ಗುಂಟೂರಿನಲ್ಲಿ ಫ್ರೆಂಚರ ಜಾನ್ಸೆನ್ ಕಂಡುದೂ ಇಂಥದೇ. ಅವುಗಳಲ್ಲೊಂದಾದ ಹಳದಿ ಗೆರೆ ಭೂಮಿಯ ಯಾವ ವಸ್ತುವಿಗೂ ಹೊಂದುವುದಿಲ್ಲವೆಂದು ಇಂಗ್ಲೆಂಡಿನ ಲಾಕ್ಯರ್ ಆಮೇಲೆ ತೋರಿಸಿದರು. ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಇಪ್ಪತ್ತೇಳು ವರ್ಷಗಳ ತರುವಾಯ ರಾಮ್ಸೆಯವರು ಕ್ಲೀವೈಟ್ ಎಂಬ ಯುರೇನಿಯಂ ಖನಿಜವನ್ನು ಆಮ್ಲದಲ್ಲಿ ಕುದಿಸಿದಾಗ ಅದೇ ಹಳದಿ ಗೆರೆ ಪ್ರಯೋಗಶಾಲೆಯ ಮೇಜಿನ ಮೇಲೆಯೇ ಕಂಡಿತು. ಇದರ ಪರಮಾಣುಭಾರ 4, ಇದೂ ಒಂಟಿ. ಹೀಲಿಯಂ ಆರ್ಗಾನ್‌ಗಳ ಗುಣಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಗುರುವಿಗೆ ಬಲಗೈಯಾದವರು ಟ್ರಾವರ್ಸ್. ರೋಜಾದ ಉರುಸಿನಲ್ಲಿಯೋ ಶರಣಬಸವೇಶ್ವರ ಜಾತ್ರೆಯಲ್ಲಿಯೋ ದಾರ ಬಿಟ್ಟೊಡನೆ ಮೇಲೇರುವ ಬಲೂನನ್ನು ಕಂಡವರು ಆ ಒಂಟಿ ಪರಮಾಣುವನ್ನೇ ಕಂಡಿರಬಹುದು. ಬಲೂನಿನವನು ಅಗ್ಗವೆಂದು ಜಲಜನಕ ತುಂಬಿದ್ದರೆ ಮಾತ್ರ ಬೀಡಿ ಸೇದುವವರಿಂದ ದೂರ ನಿಲ್ಲುವುದು ಲೇಸು!

ಹೀಲಿಯಂ 4, ಆರ್ಗಾನ್ 40. ಕೋಷ್ಟಕದ ಲೆಕ್ಕದ ಪ್ರಕಾರ ಇವೆರಡರ ನಡುವೆ, 20ರ ಸುತ್ತಮುತ್ತ, ಒಬ್ಬ ಸೋದರನಿರಲೇಬೇಕು. 1897ರಲ್ಲಿ ಕೆನಡದ ಟೊರಾಂಟೊ ನಗರದ ಸಭೆಯಲ್ಲಿ ರಾಮ್ಸೆಯವರು ಇನ್ನೂ ಸಿಕ್ಕದ ಆ ಅನಿಲದ ಬಗೆಗೇ ಭಾಷಣ ಮಾಡಿದರು. ಹುಟ್ಟದ ಮಗುವಿಗೆ ಕುಲಾವಿ ಹೊಲಿದಂತೆ ಎಂದು ನಮ್ಮವರು ನಗುತ್ತಿದ್ದರೇನೋ. ಗುರುಶಿಷ್ಯರು ಸಿಕ್ಕ ಸಿಕ್ಕ ಖನಿಜಗಳನ್ನೆಲ್ಲ ಕಾಯಿಸಿ ನೋಡಿದರು. ರಾಮ್ಸೆಯವರು ಐಸ್‌ಲೆಂಡಿನ ಬಿಸಿನೀರಿನ ಬುಗ್ಗೆಗಳವರೆಗೂ ಹೋಗಿ ಬಂದರು. ಏನೂ ಸಿಕ್ಕಲಿಲ್ಲ. ಕೊನೆಗೆ ಗಾಳಿಗೇ ಮರಳಿದರು. ಈ ಸಲ ಗಾಳಿಯನ್ನು ದ್ರವ ಮಾಡಿ.

ತೊಗರಿಯ ರಾಶಿ ಮಾಡುವವರು ಗಾಳಿಗೆ ಹಿಡಿದು ತೂರುತ್ತಾರಷ್ಟೆ. ಹೊಟ್ಟು ದೂರ ಹೋಗುತ್ತದೆ, ಕಾಳು ಕಾಲಬುಡದಲ್ಲಿ ಬೀಳುತ್ತದೆ. ದ್ರವವಾಯುವನ್ನು ಮೆಲ್ಲಗೆ ಕುದಿಯಲು ಬಿಡುವುದೂ ಇಂಥ ತೂರುವಿಕೆಯೇ. ಸಾರಜನಕ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕುದಿದು ಮೊದಲು ಹೋಗುತ್ತದೆ. ಆರ್ಗಾನ್ 186ರಲ್ಲಿ, ಆಮ್ಲಜನಕ 183ರಲ್ಲಿ ಕುದಿಯುತ್ತವೆ. ಇವಕ್ಕಿಂತ ಭಾರವಾದ, ನಿಧಾನವಾಗಿ ಕುದಿಯುವ ಅನಿಲವೇನಾದರೂ ಇದ್ದರೆ ಅದು ಪಾತ್ರೆಯ ತಳದಲ್ಲಿ ಕಾಳಿನಂತೆ ಉಳಿಯಬೇಕು. ಹ್ಯಾಂಪ್ಸನ್ ಎಂಬವರು ಗಾಳಿಯನ್ನು ದ್ರವ ಮಾಡುವ ಯಂತ್ರವನ್ನು ಆಗ ತಾನೆ ರೂಪಿಸಿದ್ದರು. 1898ರ ಮೇ ತಿಂಗಳ ಕೊನೆಯ ವಾರದಲ್ಲಿ ಅವರು ಒಂದು ಲೀಟರಿಗೂ ಕಡಮೆಯಾದಷ್ಟು ದ್ರವವಾಯುವನ್ನು ತಂದುಕೊಟ್ಟರು. ಅಮೂಲ್ಯ ವಸ್ತು, ಅದನ್ನು ಆರ್ಗಾನಿನ ಮೇಲೆ ಪ್ರಯೋಗಿಸುವ ಮೊದಲು ಸ್ವಲ್ಪ ಕೈಪಳಗಿಸಿಕೊಳ್ಳೋಣವೆಂದು ಟ್ರಾವರ್ಸರು ಅದನ್ನು ಮೆಲ್ಲನೆ ಕುದಿಸಿ ಹಾರಿಸುತ್ತ ಹೋದರು. ತಳದಲ್ಲಿ ಉಳಿದ ನಾಲ್ಕು ಹನಿಯನ್ನು ಅನಿಲ ಮಾಡಿ, ಕಾದ ತಾಮ್ರದಿಂದ ಆಮ್ಲಜನಕವನ್ನೂ ಕಾದ ಮೆಗ್ನೀಸಿಯಂನಿಂದ ಸಾರಜನಕವನ್ನೂ ಕಳೆದು, ಗಾಜಿನ ನಳಿಕೆಗೆ ತುಂಬಿ ವಿದ್ಯುತ್ತನ್ನು ಹಾಯಿಸಿ ರೋಹಿತದರ್ಶಕದಲ್ಲಿ ಕಣ್ಣಿಟ್ಟರು. ಅಂದು ಮೇ 30. ಹಿಂದೆ ಯಾರೂ ಕಾಣದ ಒಂದು ಹಳದಿ ಗೆರೆ, ಒಂದು ಹಸುರು ಗೆರೆ ಅಲ್ಲಿ ಉರಿಯುತ್ತಿದ್ದವು.

ಹುಡುಕಿದ ಸೋದರನಲ್ಲ, ಬಂದವನು ಬೇರೆಯೇ ಒಬ್ಬ ಅಣ್ಣ. ಬಚ್ಚಿಟ್ಟುಕೊಂಡವನು ಎಂಬರ್ಥದಲ್ಲಿ ಅದಕ್ಕೆ ಕ್ರಿಪ್ಟಾನ್ ಎಂದು ಹೆಸರಿಟ್ಟರು. ಗುರುಶಿಷ್ಯರು ಆ ರಾತ್ರಿ ಬಹು ಹೊತ್ತಿನವರೆಗೆ ಅದರ ಸಾಂದ್ರತೆಯನ್ನು ಅಳೆಯುತ್ತ ಕುಳಿತರು. ಮಾರನೆಯ ದಿನ ಡಾಕ್ಟರ್ ಪದವಿಗಾಗಿ ತಮಗೆ ಪರೀಕ್ಷೆ ಇದೆಯೆಂಬುದೇ ಟ್ರಾವರ್ಸರಿಗೆ ಮರೆತುಹೋಗುವುದರಲ್ಲಿತ್ತು. ಹೊಸ ಮೂಲವಸ್ತುವನ್ನು ಕಂಡ ರಾತ್ರಿಯ ಮರುದಿನ ಪರೀಕ್ಷೆಗೆ ಕೂರುವ ವಿದ್ಯಾರ್ಥಿಯನ್ನು ಪರೀಕ್ಷಕರು ಏನೆಂದು ಕೇಳಿದರೋ!

ಮುಂದಿನದು ಬೇಗ ಬೇಗ ನಡೆಯಿತು. ಭಾರದ ಕಡೆ ಒಬ್ಬನಿದ್ದರೆ ಹಗುರದ ಕಡೆಯೂ ಇರಬೇಕೆಂದು ಆರ್ಗಾನನ್ನೇ ದ್ರವವಾಯುವಿನಿಂದ ತಣಿಸಿ ದ್ರವ ಮಾಡಿ, ಮೊದಲು ಆವಿಯಾಗಿ ಬಂದುದನ್ನು ಹಿಡಿದರು. ಜೂನ್ ತಿಂಗಳಲ್ಲಿ ಅದನ್ನು ನಳಿಕೆಗೆ ತುಂಬಿ ವಿದ್ಯುತ್ತು ಹಾಯಿಸಿದಾಗ ರೋಹಿತದರ್ಶಕ ಬೇಕಾಗಲೇ ಇಲ್ಲ. ಕೊಳವೆಯೇ ಕೆಂಡಸಂಪಿಗೆಯ ಬಣ್ಣದಲ್ಲಿ ಧಗ್ಗನೆ ಬೆಳಗಿತು. ಇವನೇ ಆ ಸೋದರ, ಭಾರ 20. ರಾಮ್ಸೆಯವರ ಹದಿಮೂರು ವರ್ಷದ ಮಗ ಇದಕ್ಕೆ ಲ್ಯಾಟಿನ್ನಿನಲ್ಲಿ ಹೊಸದು ಎಂಬ ಅರ್ಥದ ಹೆಸರಿರಲೆಂದು ಸೂಚಿಸಿದನಂತೆ. ತಂದೆ ಅದನ್ನೇ ಗ್ರೀಕಿಗೆ ತಿರುಗಿಸಿ ನಿಯಾನ್ ಎಂದರು. ಜುಲೈ ತಿಂಗಳಲ್ಲಿ ಕ್ರಿಪ್ಟಾನನ್ನು ಮತ್ತೆ ಮತ್ತೆ ತೂರಿದಾಗ ಇನ್ನೂ ಭಾರವಾದ, ನೀಲಿ ಬೆಳಕಿನ ಅನಿಲವೊಂದು ತಳದಲ್ಲಿ ಉಳಿಯಿತು. ಅದು ಪರದೇಶಿ, ಅಂದರೆ ಕ್ಸೆನಾನ್. ಭಾರ 131.

ಇವು ಎಷ್ಟು ವಿರಳವೆಂಬುದಕ್ಕೆ ಒಂದು ಲೆಕ್ಕ. ಹತ್ತು ಮೀಟರು ಉದ್ದ, ಎಂಟು ಮೀಟರು ಅಗಲ, ನಾಲ್ಕು ಮೀಟರು ಎತ್ತರದ ಪಾಠದ ಕೋಣೆಯೊಂದನ್ನು ಊಹಿಸಿಕೊಳ್ಳಿ. ಅದರಲ್ಲಿ 3,20,000 ಲೀಟರು ಗಾಳಿ ಹಿಡಿಯುತ್ತದೆ. ಅದರಲ್ಲಿ ಆರ್ಗಾನ್ ಸುಮಾರು 3,000 ಲೀಟರು. ನಿಯಾನ್ ಆರು ಲೀಟರಿಗೆ ಸ್ವಲ್ಪ ಕಡಮೆ. ಕ್ರಿಪ್ಟಾನ್ ಲೀಟರಿನ ಮೂರನೆಯ ಒಂದು ಪಾಲಿನಷ್ಟು. ಕ್ಸೆನಾನ್ 30 ಮಿಲಿಲೀಟರೂ ಇಲ್ಲ. ಉಪನ್ಯಾಸಕರು ಕುಡಿದಿಟ್ಟ ಚಹಾದ ಬಟ್ಟಲು ಅದರಿಂದ ಅರ್ಧ ತುಂಬಿದರೆ ಹೆಚ್ಚು. ಇಡೀ ಕೋಣೆಯ ಗಾಳಿಯಿಂದ ಆ ಅರ್ಧ ಬಟ್ಟಲನ್ನು ಹೆಕ್ಕಿ ತೆಗೆದು, ಇದು ಒಂಟಿ ಪರಮಾಣು, ಇದರ ಭಾರ ಇಷ್ಟು ಎಂದು ಹೇಳಬೇಕಾದರೆ ಕೈ ಎಷ್ಟು ನಿಶ್ಚಲವಾಗಿರಬೇಕು! ರಾಮ್ಸೆಯವರದು ಊಹೆಯ ಬಲ. ಟ್ರಾವರ್ಸರದು ಕೈಯ ಬಲ. ಗಾಜನ್ನು ಊದಿ ನಳಿಕೆ ಮಾಡುವುದು, ಪಾದರಸದ ಪಂಪು ನಡೆಸುವುದು, ಸೋರದಂತೆ ಬೆಸೆಯುವುದು, ಈ ವಿದ್ಯೆಗಳಲ್ಲಿ ಅವರು ಪಾರಂಗತರಾಗಿದ್ದರು. ಅನಿಲಗಳ ಪ್ರಯೋಗವಿಧಾನದ ಬಗೆಗೆ 1901ರಲ್ಲಿ ಅವರೇ ಒಂದು ಪುಸ್ತಕ ಬರೆದರು. ನಿಯಾನಿನೊಡನೆ ಬೆರೆತ ಹೀಲಿಯಂ ದ್ರವವಾಯುವಿನ ಚಳಿಗೆ ಜಗ್ಗದಿದ್ದಾಗ, ಜಲಜನಕವನ್ನೇ ದ್ರವ ಮಾಡುವ ಯಂತ್ರವನ್ನು ತಾವೇ ನಿರ್ಮಿಸಿದರು. ಸೊನ್ನೆಗಿಂತ 253 ಡಿಗ್ರಿ ಕೆಳಗಿನ ಆ ಚಳಿಯಲ್ಲಿ ನಿಯಾನ್ ಹೆಪ್ಪುಗಟ್ಟಿತು, ಹೀಲಿಯಂ ಅನಿಲವಾಗಿಯೇ ಉಳಿಯಿತು, ಎರಡೂ ಬೇರೆಯಾದವು.

1904ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ರಾಮ್ಸೆಯವರಿಗೂ, ಭೌತಶಾಸ್ತ್ರದ್ದು ರೇಲಿಯವರಿಗೂ ಸಂದಿತು. ಟ್ರಾವರ್ಸರಿಗೆ ಪಾಲು ಬರಲಿಲ್ಲ. ಹಿಂದಿನ ವರ್ಷವಷ್ಟೇ ಭೌತಶಾಸ್ತ್ರದ ಪಾರಿತೋಷಕವನ್ನು ಮೂವರಿಗೆ ಹಂಚಿದ್ದುಂಟು. ಹಂಚುವ ಪದ್ಧತಿ ಇರಲಿಲ್ಲವೆಂದು ಹೇಳುವಂತಿಲ್ಲ. ಐದು ಅನಿಲಗಳಲ್ಲಿ ಮೂರನ್ನು ಇಬ್ಬರೂ ಕೂಡಿ ಕಂಡವರು. ಇದು ನ್ಯಾಯವಾಯಿತೆಂದು ನನಗಂತೂ ತೋರುವುದಿಲ್ಲ. ಆದರೆ ಟ್ರಾವರ್ಸರು ಗುರುವಿನ ಮೇಲೆ ಮುನಿಸಿಕೊಳ್ಳಲಿಲ್ಲ. ಐವತ್ತೆರಡು ವರ್ಷಗಳ ತರುವಾಯ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ರಾಮ್ಸೆಯವರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದವರು ಅವರೇ. 1904ರಲ್ಲಿಯೇ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಬ್ರಿಸ್ಟಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಆದರು.

ಇತ್ತ ನಮ್ಮ ದೇಶದಲ್ಲಿ ಜಮಶೇಟ್‌ಜಿ ಟಾಟಾ ಅವರು ಸಂಶೋಧನೆಗಾಗಿಯೇ ಒಂದು ವಿದ್ಯಾಪೀಠ ಆಗಬೇಕೆಂದು ತಮ್ಮ ಆಸ್ತಿಯ ದೊಡ್ಡ ಪಾಲೊಂದನ್ನು ಮುಡಿಪಾಗಿಟ್ಟಿದ್ದರು. ಅದು ಎಲ್ಲಿ ಆಗಬೇಕೆಂದು ಪರಿಶೀಲಿಸಲು 1900-01ರ ಚಳಿಗಾಲದಲ್ಲಿ ಭಾರತಕ್ಕೆ ಬಂದವರು ಮತ್ತಾರೂ ಅಲ್ಲ, ಅದೇ ರಾಮ್ಸೆಯವರು. ಅವರು ಬೆಂಗಳೂರನ್ನು ಸೂಚಿಸಿದರು. ಮೈಸೂರು ಸರಕಾರ 371 ಎಕರೆ ಭೂಮಿಯನ್ನು ಧಾರಾಳವಾಗಿ ಕೊಟ್ಟಿತು. ಟಾಟಾ ಅವರು ಅದನ್ನು ಕಣ್ಣಾರೆ ಕಾಣಲಿಲ್ಲ, 1904ರಲ್ಲಿ ತೀರಿಕೊಂಡರು. 1906ರ ಕೊನೆಯಲ್ಲಿ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದಿಳಿದ ಟ್ರಾವರ್ಸರಿಗೆ 34 ವರ್ಷ. ಬಂದು ನೋಡಿದರೆ ಕಟ್ಟಡವಿಲ್ಲ, ಪ್ರಾಧ್ಯಾಪಕರಿಲ್ಲ, ವಿದ್ಯಾರ್ಥಿಗಳಿಲ್ಲ, ಸಂಸ್ಥೆಗೆ ಕಾನೂನಿನ ರೂಪವೂ ಇಲ್ಲ. ಸರಕಾರದ ಆಜ್ಞೆ ಹೊರಟು ಸಂಸ್ಥೆ ಹುಟ್ಟಿದುದು 1909ರ ಮೇ 27ರಂದು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟುದು 1911ರ ಫೆಬ್ರವರಿಯಲ್ಲಿ. ಮೊದಲ ವಿದ್ಯಾರ್ಥಿಗಳು ಬಂದುದು ಅದೇ ವರ್ಷದ ಜುಲೈಯಲ್ಲಿ. ನಾಲ್ಕೂವರೆ ವರ್ಷ ಅವರು ಕಾಗದಪತ್ರ, ನಕ್ಷೆ, ಇಟ್ಟಿಗೆ ಸುಣ್ಣಗಳ ನಡುವೆ ಕಳೆದರು. ಮೂಲವಸ್ತುಗಳನ್ನು ಹುಡುಕಿದ ಕೈಗಳು ಕಂಟ್ರಾಕ್ಟರರ ಬಿಲ್ಲುಗಳಿಗೆ ರುಜು ಹಾಕುತ್ತಿದ್ದವು. ಆಗ ನಮ್ಮ ಕಲಬುರಗಿ ನಿಜಾಮರ ರಾಜ್ಯದಲ್ಲಿತ್ತು, ಬೆಂಗಳೂರು ಮೈಸೂರು ರಾಜ್ಯದಲ್ಲಿತ್ತು. 1956ರ ತನಕ ಎರಡೂ ಒಂದು ರಾಜ್ಯವಾಗಲಿಲ್ಲ. ಅಂದು ಆ ಬಯಲಿನಲ್ಲಿ ಏಳುತ್ತಿದ್ದ ಗೋಡೆಗಳ ಸುದ್ದಿ ನಮ್ಮ ಕಡೆಯ ಎಷ್ಟು ಮಂದಿಗೆ ಮುಟ್ಟಿತ್ತೋ!

ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಶಾಸ್ತ್ರ, ಇವುಗಳಿಂದ ಸಂಸ್ಥೆ ಆರಂಭವಾಯಿತು. ಮೊದಲ ಯೋಜನೆಯಲ್ಲಿ ತತ್ತ್ವಶಾಸ್ತ್ರ, ಶಿಕ್ಷಣ ಮುಂತಾದ ವಿಷಯಗಳೂ ಇದ್ದವು. ಅವು ಕಾಗದದ ಮೇಲೆಯೇ ಉಳಿದವು. ನಮ್ಮಂಥ ಕಲಾ ವಿದ್ಯಾರ್ಥಿಗಳು ಅದಕ್ಕಾಗಿ ನಿಟ್ಟುಸಿರು ಬಿಡುವುದು ಸಹಜ. ಟ್ರಾವರ್ಸರಿಗೂ ಆಡಳಿತ ಮಂಡಲಿಗೂ, ಟಾಟಾ ಪಕ್ಷದವರಿಗೂ ಸರಿಬರಲಿಲ್ಲ. ಸಂಸ್ಥೆ ಯಾವ ದಾರಿಯಲ್ಲಿ ಸಾಗಬೇಕು, ಕೊನೆಯ ಮಾತು ಯಾರದು ಎಂಬ ಜಗಳ ಬೆಳೆಯುತ್ತ ಹೋಗಿ, 1914ರಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಟುಹೋದರು. ತಪ್ಪು ಯಾರದೆಂದು ತೂಗಲು ಇಷ್ಟು ವರ್ಷಗಳ ಮೇಲೆ ಕುಳಿತು ತಕ್ಕಡಿ ಹಿಡಿಯುವುದು ಕಷ್ಟ. ಹಣ ಕೊಟ್ಟ ಮನೆತನದವರಿಗೆ ತಮ್ಮ ಹಿರಿಯರ ಕನಸು ತಮ್ಮ ಕೈತಪ್ಪಿ ಹೋಗುತ್ತಿದೆಯೆಂಬ ಸಂಕಟ ಇದ್ದಿರಬೇಕು. ಕೆಲಸ ಹೊತ್ತವರಿಗೆ ಹೆಜ್ಜೆಹೆಜ್ಜೆಗೂ ಲೆಕ್ಕ ಒಪ್ಪಿಸಬೇಕಾದ ಬೇಸರ ಇದ್ದಿರಬೇಕು. ಪರಮಾಣುಗಳನ್ನು ಬೇರ್ಪಡಿಸುವ ನೈಪುಣ್ಯ ಮನುಷ್ಯರನ್ನು ಒಗ್ಗೂಡಿಸುವ ಕೆಲಸಕ್ಕೆ ಒದಗಿ ಬರಲಿಲ್ಲವೆನ್ನಬಹುದು. ಆದರೂ ಒಂದು ಮಾತನ್ನು ಹೇಳಲೇಬೇಕು. ಅವರು ಬಿಟ್ಟು ಹೋದ ಪ್ರಯೋಗಶಾಲೆಗಳಲ್ಲಿಯೇ ಸಡ್‌ಬರೊ ಮತ್ತು ವಾಟ್ಸನ್ ಅವರು ಶ್ರೀಗಂಧದ ಎಣ್ಣೆಯನ್ನು ತೆಗೆಯುವ ಕ್ರಮವನ್ನು ಹದಗೊಳಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಅದರ ಕಾರ್ಖಾನೆ ಎದ್ದಿತು. 1933ರಲ್ಲಿ ಸಿ. ವಿ. ರಾಮನ್ ಅವರು ಬಂದು ಕುಳಿತುದು ಟ್ರಾವರ್ಸರು ಮೊದಲು ಕುಳಿತ ಪೀಠದಲ್ಲಿಯೇ.

ಇಂಗ್ಲೆಂಡಿಗೆ ಮರಳಿದವರನ್ನು ಮೊದಲ ಮಹಾಯುದ್ಧ ಎದುರುಗೊಂಡಿತು. ಪ್ರಯೋಗಶಾಲೆಯ ಗಾಜಿನ ಸಾಮಾನು ಅಷ್ಟರವರೆಗೆ ಬಹುಮಟ್ಟಿಗೆ ಜರ್ಮನಿಯಿಂದ ಬರುತ್ತಿತ್ತು. ಯುದ್ಧದಿಂದ ಅದು ನಿಂತಿತು. ಟ್ರಾವರ್ಸರು ಆ ಗಾಜನ್ನು ತಯಾರಿಸುವ ಕಾರ್ಖಾನೆಯ ಹೊಣೆ ಹೊತ್ತರು. ಆಮೇಲೆ ಕುಲುಮೆಗಳು, ಕಲ್ಲಿದ್ದಲಿನಿಂದ ಅನಿಲ ತೆಗೆಯುವುದು ಇತ್ಯಾದಿ ಉದ್ಯಮಗಳಲ್ಲಿ ಕೆಲವು ವರ್ಷ ಕಳೆದು, 1927ರಲ್ಲಿ ಬ್ರಿಸ್ಟಲ್ಲಿಗೆ ಗೌರವ ಪ್ರಾಧ್ಯಾಪಕರಾಗಿ ಹಿಂದಿರುಗಿ ಹತ್ತು ವರ್ಷ ಅಲ್ಲಿದ್ದರು. ಆ ಹಳೆಯ ಬೇಟೆಯ ಕಥೆಯನ್ನು 1928ರಲ್ಲಿ ಪುಸ್ತಕವಾಗಿ ಹೊರತಂದರು. ಅಪೂರ್ವಾನಿಲಗಳ ಟ್ರಾವರ್ಸ್ ಎಂಬ ಅಡ್ಡಹೆಸರು ಅವರಿಗೆ ಕೊನೆಯವರೆಗೂ ಅಂಟಿಕೊಂಡಿತ್ತು. ಬೆಂಗಳೂರಿಗೆ ಹೊರಡುವ ಮೊದಲಿನ ಎತ್ತರವನ್ನು ಅವರ ಸಂಶೋಧನೆ ಮತ್ತೆ ಮುಟ್ಟಲಿಲ್ಲ. ಅಷ್ಟರಮಟ್ಟಿಗೆ ನಮ್ಮ ನಾಡು ಅವರಿಗೆ ಋಣಿ.

ಅವರು ಕಂಡುಹಿಡಿದ ಅನಿಲಗಳ ಕಥೆ ಮಾತ್ರ ನಿಲ್ಲಲಿಲ್ಲ. ಪ್ಯಾರಿಸ್ಸಿನ ಜಾರ್ಜ್ ಕ್ಲಾಡ್ 1910ರಲ್ಲಿ ನಿಯಾನ್ ತುಂಬಿದ ಉದ್ದನೆಯ ಕೊಳವೆಗಳನ್ನು ಬೆಳಗಿಸಿ ತೋರಿಸಿದರು. ಅಂಗಡಿ ಸಿನಿಮಾಗಳ ನೆತ್ತಿಯ ಮೇಲೆ ಕೆಂಪು ಅಕ್ಷರಗಳು ಹೊಳೆಯತೊಡಗಿದವು. ಈಗ ಎಲ್‌ಇಡಿ ದೀಪಗಳು ಬಂದು ಅವು ವಿರಳವಾಗಿವೆ. 1913ರಲ್ಲಿ ಮೋಸ್ಲಿ ಎಂಬ ತರುಣನು ಮೂಲವಸ್ತುಗಳನ್ನು ಕೂರಿಸಬೇಕಾದುದು ಭಾರದ ಕ್ರಮದಲ್ಲಿ ಅಲ್ಲ, ಪರಮಾಣುಸಂಖ್ಯೆಯ ಕ್ರಮದಲ್ಲಿ ಎಂದು ತೋರಿಸಿದನು. ಆರ್ಗಾನ್ 18, ಪೊಟ್ಯಾಸಿಯಂ 19. ಅತಿಥಿಗೆ ಮಣೆ ಸಿಕ್ಕಿತು. 1916ರಲ್ಲಿ ಅಮೆರಿಕದ ಲೂಯಿಸ್, ಜರ್ಮನಿಯ ಕೊಸೆಲ್ ಇಬ್ಬರೂ ಬೇರೆಬೇರೆಯಾಗಿ ಇನ್ನೂ ಮುಂದೆ ಹೋದರು. ಈ ಅನಿಲಗಳ ಪರಮಾಣುವಿನ ಹೊರ ಕವಚದಲ್ಲಿ ಎಂಟು ಎಲೆಕ್ಟ್ರಾನುಗಳು ತುಂಬಿವೆ (ಹೀಲಿಯಂನಲ್ಲಿ ಮಾತ್ರ ಎರಡು), ಆದಕಾರಣ ಅವಕ್ಕೆ ಕೊಡುಕೊಳ್ಳುವ ಗೊಡವೆಯಿಲ್ಲ. ಉಳಿದ ಪರಮಾಣುಗಳು ಆ ತುಂಬಿದ ಸ್ಥಿತಿಯನ್ನು ಮುಟ್ಟುವುದಕ್ಕಾಗಿಯೇ ಒಂದಕ್ಕೊಂದು ಕೂಡಿ ಅಣುಗಳಾಗುತ್ತವೆ, ಲವಣಗಳಾಗುತ್ತವೆ ಎಂದರು. ಸೋಡಿಯಂಗೆ 11 ಎಲೆಕ್ಟ್ರಾನು; ಒಂದನ್ನು ಕೊಟ್ಟು ನಿಯಾನಿನ ಹತ್ತಕ್ಕೆ ಇಳಿಯುತ್ತದೆ. ಕ್ಲೋರಿನ್‌ಗೆ 17, ಆ ಒಂದನ್ನು ಪಡೆದು ಆರ್ಗಾನಿನ ಹದಿನೆಂಟಕ್ಕೆ ಏರುತ್ತದೆ. ನಮ್ಮ ಊಟದ ಉಪ್ಪು ಹೀಗೆ ಹುಟ್ಟುತ್ತದೆ. ಯಾರೊಡನೆಯೂ ಕೂಡದ ಒಂಟಿಗಳಿಂದಲೇ ಉಳಿದವರು ಕೂಡುವುದೇಕೆಂಬುದು ತಿಳಿಯಿತು.

ಟ್ರಾವರ್ಸರು 1961ರ ಆಗಸ್ಟ್ 25ರಂದು ಇಂಗ್ಲೆಂಡಿನ ಸ್ಟ್ರೌಡ್ ಎಂಬಲ್ಲಿ ತೀರಿಕೊಂಡರು. ಆಗ ಅವರಿಗೆ 89 ವರ್ಷ. ಅಲ್ಲಿಯವರೆಗೂ ಪಠ್ಯಪುಸ್ತಕಗಳು ಈ ಅನಿಲಗಳನ್ನು ಜಡಾನಿಲಗಳೆಂದೇ ಕರೆಯುತ್ತಿದ್ದವು. ಮರುವರ್ಷ, 1962ರಲ್ಲಿ, ಕೆನಡದಲ್ಲಿದ್ದ ನೀಲ್ ಬಾರ್ಟ್ಲೆಟ್ ಎಂಬ ರಸಾಯನಜ್ಞರಿಗೆ ಒಂದು ವಿಚಾರ ಹೊಳೆಯಿತು. ಪ್ಲಾಟಿನಂ ಹೆಕ್ಸಫ್ಲೋರೈಡ್ ಎಂಬ ಉಗ್ರ ವಸ್ತು ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವುದನ್ನು ಅವರು ಕಂಡಿದ್ದರು. ಕ್ಸೆನಾನಿನಿಂದ ಎಲೆಕ್ಟ್ರಾನು ಕೀಳಲು ಬೇಕಾದ ಶಕ್ತಿಯೂ ಹೆಚ್ಚುಕಡಮೆ ಅಷ್ಟೇ. ಹಾಗಾದರೆ ಇದನ್ನೇಕೆ ಪ್ರಯತ್ನಿಸಬಾರದು? ಎರಡನ್ನೂ ಒಂದು ಗಾಜಿನ ಪಾತ್ರೆಯಲ್ಲಿ ಕೂಡಿಸಿದರು. ಕ್ಷಣಮಾತ್ರದಲ್ಲಿ ಹಳದಿ ಬಣ್ಣದ ಘನವಸ್ತುವೊಂದು ಪಾತ್ರೆಯ ಗೋಡೆಗೆ ಕಟ್ಟಿಕೊಂಡಿತು. 1898ರ ಜುಲೈಯಲ್ಲಿ ತಳದಲ್ಲಿ ಉಳಿದಿದ್ದ ಆ ಪರದೇಶಿ, ಅರವತ್ತನಾಲ್ಕು ವರ್ಷಗಳ ಮೇಲೆ ಮೊದಲ ಬಾರಿಗೆ ನೊಗಕ್ಕೆ ಹೆಗಲು ಕೊಟ್ಟಿದ್ದನು.